ಒಂದೇ ಗುಂಡಿ, ಎರಡು ಕೆಲಸ: ಡಿಫ್ರ್ಯಾಗ್ ಇಂದು ಯಾರಿಗೆ ಬೇಕು?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲವೆಂದೋ ಪ್ರೊಸೆಸರ್ ಹಳೆಯದೆಂದೋ ಹಿಂದೆ ಉಳಿದ ಕಂಪ್ಯೂಟರುಗಳನ್ನು ಇನ್ನಷ್ಟು ಕಾಲ ದುಡಿಸಿಕೊಳ್ಳಬೇಕೆಂದಿರುವವರು, ನಿಧಾನವಾದ ಯಂತ್ರವನ್ನು ಚುರುಕುಗೊಳಿಸುವ ಹಳೆಯ ಉಪಾಯಗಳನ್ನು ಮತ್ತೆ ಹುಡುಕತೊಡಗಿದ್ದಾರೆ. ಹಾಗೆ ಹುಡುಕುವವರಿಗೆ ಮೊದಲು ಸಿಗುವುದು ‘ಡಿಫ್ರ್ಯಾಗ್ ಮಾಡಿ’, ಅಂದರೆ ಡಿಸ್ಕಿನಲ್ಲಿ ಚೂರುಚೂರಾಗಿ ಚದುರಿದ ಫೈಲುಗಳನ್ನು ಒಟ್ಟುಗೂಡಿಸಿ, ಎಂಬ ಸಲಹೆ. ಅದರ ಬೆನ್ನಿಗೇ ‘ಎಸ್‌ಎಸ್‌ಡಿ ಇದ್ದರೆ ಮಾತ್ರ ಅಪ್ಪಿತಪ್ಪಿಯೂ ಮಾಡಬೇಡಿ, ಹಾಳಾಗುತ್ತದೆ’ ಎಂಬ ಎಚ್ಚರಿಕೆ. (ಎಸ್‌ಎಸ್‌ಡಿ ಎಂದರೆ ತಿರುಗುವ ತಟ್ಟೆಯ ಬದಲು ಫ್ಲ್ಯಾಶ್ ಚಿಪ್ಪುಗಳಲ್ಲಿ ಮಾಹಿತಿ ಇಡುವ ಡ್ರೈವು.) ಎರಡರಲ್ಲೂ ಸ್ವಲ್ಪ ನಿಜವಿದೆ, ಎರಡೂ ಪೂರ್ತಿ ನಿಜವಲ್ಲ. ಇಂದಿನ ವಿಂಡೋಸ್‌ನಲ್ಲಿರುವ ‘ಆಪ್ಟಿಮೈಸ್’ ಗುಂಡಿಯನ್ನು ಒತ್ತಿದರೆ ತಿರುಗುವ ಹಾರ್ಡ್ ಡಿಸ್ಕಿನ ಮೇಲೆ ನಡೆಯುವ ಕೆಲಸ ಒಂದು, ಎಸ್‌ಎಸ್‌ಡಿಯ ಮೇಲೆ ನಡೆಯುವ ಕೆಲಸ ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು. ಈ ವ್ಯತ್ಯಾಸ ತಿಳಿಯದೆ ಕೊಡುವ ಸಲಹೆ ಯಾವ ಕಡೆಯದಾದರೂ ಕುರುಡು ಸಲಹೆಯೇ.

ಫೈಲುಗಳು ಚದುರುವುದು ಹೇಗೆಂಬುದನ್ನು ಮೊದಲು ನೋಡೋಣ. ಯಾವ ಫೈಲು ಎಲ್ಲಿರಬೇಕೆಂಬುದನ್ನು ನೋಡಿಕೊಳ್ಳುವ ಫೈಲ್ ಸಿಸ್ಟಮ್ ಡಿಸ್ಕಿನ ಜಾಗವನ್ನು ಕ್ಲಸ್ಟರ್ ಎಂಬ ಸಣ್ಣ ಸಣ್ಣ ಮನೆಗಳಾಗಿ ವಿಂಗಡಿಸಿಕೊಂಡಿರುತ್ತದೆ. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್‌ನಲ್ಲಿ ಒಂದು ಕ್ಲಸ್ಟರಿನ ಅಳತೆ ಸಾಮಾನ್ಯವಾಗಿ 4 ಕೆಬಿ. ಡಿಸ್ಕು ಹೊಸದಾಗಿದ್ದಾಗ ಖಾಲಿ ಜಾಗವೆಲ್ಲ ಒಂದೇ ಪಟ್ಟಾಗಿ ಇರುವುದರಿಂದ ಫೈಲುಗಳು ಒಂದರ ಪಕ್ಕ ಒಂದು ಅಚ್ಚುಕಟ್ಟಾಗಿ ಕೂರುತ್ತವೆ. ದಿನ ಕಳೆದಂತೆ ಕೆಲವು ಫೈಲುಗಳನ್ನು ಅಳಿಸುತ್ತೇವೆ, ಕೆಲವು ಬೆಳೆಯುತ್ತವೆ. ಅಳಿಸಿದ ಕಡೆ ತೂತು ಉಳಿಯುತ್ತದೆ, ಬೆಳೆದ ಫೈಲಿಗೆ ಪಕ್ಕದಲ್ಲಿ ಜಾಗ ಸಿಗದೆ ಅದರ ಮುಂದಿನ ಭಾಗ ದೂರದ ಯಾವುದೋ ತೂತಿನಲ್ಲಿ ಹೋಗಿ ಸೇರಿಕೊಳ್ಳುತ್ತದೆ. ವಾರಪತ್ರಿಕೆಯ ಲೇಖನವೊಂದು ‘ಉಳಿದ ಭಾಗ 46ನೇ ಪುಟಕ್ಕೆ’ ಎಂದು ಜಿಗಿದು, ಅಲ್ಲಿಂದ 71ಕ್ಕೆ, ಮತ್ತೆ 12ಕ್ಕೆ ಹಿಂತಿರುಗಿದರೆ ಓದುವವನಿಗೆ ಆಗುವ ಕಿರಿಕಿರಿಯೇ ಇಲ್ಲಿ ಡಿಸ್ಕಿಗೂ ಆಗುತ್ತದೆ. ಯಾವ ಪುಟದಿಂದ ಯಾವ ಪುಟಕ್ಕೆ ಹೋಗಬೇಕೆಂಬ ಲೆಕ್ಕ ಮಾಸ್ಟರ್ ಫೈಲ್ ಟೇಬಲ್ ಎಂಬ ಕೋಷ್ಟಕದಲ್ಲಿ ಇರುವುದರಿಂದ ಮಾಹಿತಿ ಕಳೆದುಹೋಗುವುದಿಲ್ಲ. ಹೊತ್ತು ಮಾತ್ರ ಹಿಡಿಯುತ್ತದೆ.

ಆ ಹೊತ್ತು ಎಷ್ಟು ಎಂಬುದನ್ನು ಯಂತ್ರದ ರಚನೆಯಿಂದಲೇ ಲೆಕ್ಕ ಹಾಕಬಹುದು. ಹಾರ್ಡ್ ಡಿಸ್ಕಿನೊಳಗೆ ಕಾಂತೀಯ ಲೇಪವಿರುವ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತಿರುತ್ತವೆ, ಅವುಗಳ ಮೇಲೆ ಕೂದಲೆಳೆಗಿಂತಲೂ ಎಷ್ಟೋ ಕಡಿಮೆ ಅಂತರದಲ್ಲಿ ಓದಿ ಬರೆಯುವ ಹೆಡ್ ತೇಲುತ್ತಿರುತ್ತದೆ. ನಿಮಿಷಕ್ಕೆ 7,200 ಸುತ್ತು ಎಂದರೆ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡು, ಬೇಕಾದ ಸೆಕ್ಟರ್ (ಪಥದ ಮೇಲೆ ಮಾಹಿತಿ ಇರುವ ಒಂದು ಸಣ್ಣ ತುಂಡು) ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4.2 ಮಿಲಿಸೆಕೆಂಡು ಕಾಯಬೇಕು. ಅದಕ್ಕೂ ಮೊದಲು ಹೆಡ್ ಹೊತ್ತ ತೋಳು ಸರಿಯಾದ ಪಥಕ್ಕೆ ಸರಿಯಬೇಕು, ಅದಕ್ಕೆ ಸುಮಾರು 9 ಮಿಲಿಸೆಕೆಂಡು. ಹೀಗೆ ಒಂದು ಜಿಗಿತಕ್ಕೆ ಹತ್ತಿರ ಹತ್ತಿರ 13 ಮಿಲಿಸೆಕೆಂಡು ಖರ್ಚಾಗುತ್ತದೆ.

ಈಗ 40 ಎಂಬಿಯ ಒಂದು ಫೈಲನ್ನು ತೆಗೆದುಕೊಳ್ಳೋಣ. ಸೆಕೆಂಡಿಗೆ 100 ಎಂಬಿ ಓದಬಲ್ಲ ಡಿಸ್ಕಿನಲ್ಲಿ ಅದು ಇಡಿಯಾಗಿ ಒಂದೇ ಕಡೆ ಇದ್ದರೆ 0.4 ಸೆಕೆಂಡಿನಲ್ಲಿ ಓದಿ ಮುಗಿಯುತ್ತದೆ. ಅದೇ ಫೈಲು 40 ಚೂರುಗಳಾಗಿದ್ದರೆ ಜಿಗಿತಗಳಿಗೇ ಅರ್ಧ ಸೆಕೆಂಡು ಹೆಚ್ಚುವರಿ ಬೇಕು. ಒಟ್ಟು ಸಮಯ ಇಮ್ಮಡಿಗಿಂತ ಸ್ವಲ್ಪ ಹೆಚ್ಚಾಯಿತು, ಆದರೆ ಕಣ್ಣಿಗೆ ಅಷ್ಟಾಗಿ ಗೊತ್ತಾಗದು. ಎಲ್ಲಕ್ಕಿಂತ ಕೆಟ್ಟ ಸ್ಥಿತಿಯನ್ನು ಊಹಿಸಿ, ಒಂದೊಂದು ಕ್ಲಸ್ಟರೂ ಬೇರೆ ಬೇರೆ ಕಡೆ ಬಿದ್ದಿದೆ ಎನ್ನೋಣ: 10,240 ಚೂರುಗಳು, ಪ್ರತಿಯೊಂದಕ್ಕೂ 13 ಮಿಲಿಸೆಕೆಂಡು, ಒಟ್ಟು ಎರಡು ನಿಮಿಷಕ್ಕೂ ಮೇಲೆ. ಅರ್ಧ ಸೆಕೆಂಡಿನ ಕೆಲಸ ಎರಡು ನಿಮಿಷದ್ದಾಗುವುದು ಇಲ್ಲೇ. ನಿಜ ಬಳಕೆಯಲ್ಲಿ ಇಷ್ಟು ಕೆಡುವುದು ತೀರಾ ಅಪರೂಪ. ಆದರೆ ಡಿಸ್ಕು ತುಂಬಾ ತುಂಬಿಹೋಗಿ, ಉಳಿದಿರುವ ಖಾಲಿ ಜಾಗವೇ ಪುಡಿಪುಡಿಯಾಗಿದ್ದಾಗ ಹೊಸದಾಗಿ ಬರೆಯುವ ದೊಡ್ಡ ಫೈಲು ಹುಟ್ಟುವಾಗಲೇ ಸಾವಿರಾರು ಚೂರುಗಳಾಗಿ ಹುಟ್ಟುವುದುಂಟು. ವಿಂಡೋಸ್ ಎಕ್ಸ್‌ಪಿಯ ಡಿಫ್ರ್ಯಾಗ್ ಸಲಕರಣೆ ಶೇ. 15ರಷ್ಟಾದರೂ ಜಾಗ ಖಾಲಿ ಇರಲಿ ಎಂದು ಕೇಳುತ್ತಿದ್ದುದು ಇದೇ ಕಾರಣಕ್ಕೆ: ಸಾಮಾನು ಜೋಡಿಸಲು ಮೊದಲು ಅದನ್ನು ಇಳಿಸಿಡಲು ಒಂದಷ್ಟು ನೆಲ ಬೇಕು.

ಇದೇ ಲೆಕ್ಕವನ್ನು ಇನ್ನೊಂದು ತುದಿಯಿಂದ ಮಾಡಿದರೆ, ಚೂರುಗಳು ದೊಡ್ಡದಾಗಿದ್ದಷ್ಟೂ ಡಿಫ್ರ್ಯಾಗಿನ ಲಾಭ ಕರಗುತ್ತದೆ ಎಂಬುದು ಗೊತ್ತಾಗುತ್ತದೆ. 64 ಎಂಬಿಯ ಒಂದು ಚೂರನ್ನು ಓದಲು 0.64 ಸೆಕೆಂಡು ಬೇಕು, ಮುಂದಿನ ಚೂರಿಗೆ ಜಿಗಿಯಲು 0.013 ಸೆಕೆಂಡು, ನಷ್ಟ ಶೇ. 2ರಷ್ಟು ಮಾತ್ರ. ವಿಂಡೋಸ್ ವಿಸ್ಟಾದಿಂದೀಚೆಗೆ 64 ಎಂಬಿ ಅಥವಾ ಅದಕ್ಕಿಂತ ದೊಡ್ಡ ಚೂರುಗಳನ್ನು ‘ಚದುರಿದವು’ ಎಂದು ಲೆಕ್ಕಕ್ಕೆ ಹಿಡಿಯುವುದನ್ನೇ ಮೈಕ್ರೋಸಾಫ್ಟ್ ಬಿಟ್ಟಿತು. ಒಂದೊಂದು ಸಿನಿಮಾ ಫೈಲನ್ನೂ ಒಂದೇ ತುಂಡಾಗಿಸಲು ಗಂಟೆಗಟ್ಟಲೆ ಡಿಸ್ಕನ್ನು ಗರಗರ ಅನ್ನಿಸುವ ಕೆಲವು ಖಾಸಗಿ ಸಲಕರಣೆಗಳು ತೋರಿಸುವ ‘ಶೇ. 0’ ಎಂಬ ಅಂಕಿ ಅಂದಕ್ಕೆ ಮಾತ್ರ. ವೇಗಕ್ಕೆ ಅದರಿಂದ ಆಗುವ ಸಹಾಯ ಅಳತೆಗೇ ಸಿಗುವುದಿಲ್ಲ.

ಅಂದದ ವಿಷಯ ಬಂದಾಗ ಆ ಬಣ್ಣಬಣ್ಣದ ಚೌಕಗಳನ್ನು ಮರೆಯುವಂತಿಲ್ಲ. 1993ರಲ್ಲಿ ಬಂದ ಎಂಎಸ್-ಡಾಸ್ 6.0ರೊಂದಿಗೆ ಡಿಫ್ರ್ಯಾಗ್ ಎಂಬ ಪ್ರೋಗ್ರಾಮು ಸೇರಿಕೊಂಡೇ ಬಂತು. ಅದನ್ನು ಮೈಕ್ರೋಸಾಫ್ಟ್ ತಾನೇ ಬರೆದಿರಲಿಲ್ಲ, ಸಿಮ್ಯಾಂಟೆಕ್ ಕಂಪನಿಯಿಂದ ಪರವಾನಗಿ ಪಡೆದಿತ್ತು. ವಿಂಡೋಸ್ 95 ಮತ್ತು 98ರ ಕಾಲದಲ್ಲಿ ಕಂಪ್ಯೂಟರ್ ಬಳಸಿದವರಿಗೆ ಪರದೆಯ ತುಂಬ ಚೌಕಗಳು ಒಂದೊಂದಾಗಿ ಬಣ್ಣ ಬದಲಿಸುತ್ತ ಮೇಲಿನ ಸಾಲಿಗೆ ಸೇರಿಕೊಳ್ಳುವುದನ್ನು ನೋಡುತ್ತ ಕೂತದ್ದು ನೆನಪಿರುತ್ತದೆ. (ನಡುವೆ ಯಾವುದೋ ಪ್ರೋಗ್ರಾಮು ಡಿಸ್ಕಿಗೆ ಒಂದಕ್ಷರ ಬರೆದರೂ ಸಾಕು, ಡಿಸ್ಕಿನಲ್ಲಿರುವುದು ಬದಲಾಗಿದೆ ಎಂದು ಹೇಳಿ ಅದು ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು, ತಾಳ್ಮೆಯ ಪರೀಕ್ಷೆ ಎಂದರೆ ಅದು.) ಡಿಫ್ರ್ಯಾಗ್ ಎಂಬುದು ತಿಂಗಳಿಗೊಮ್ಮೆ ನಾವೇ ಮಾಡಬೇಕಾದ ಕರ್ತವ್ಯ ಎಂಬ ಭಾವನೆ ಬೇರೂರಿದ್ದು ಆ ಚೌಕಗಳಿಂದಲೇ ಎಂದು ನನಗೆ ಅನ್ನಿಸುತ್ತದೆ. ವಿಸ್ಟಾ ಆ ಚಿತ್ರವನ್ನು ತೆಗೆದುಹಾಕಿ, ಕೆಲಸವನ್ನು ವಾರಕ್ಕೊಮ್ಮೆ ತನ್ನಷ್ಟಕ್ಕೆ ನಡೆಯುವ ವೇಳಾಪಟ್ಟಿಗೆ ಒಪ್ಪಿಸಿತು. ಅಂದಿನಿಂದ ಇಂದಿನವರೆಗೂ ವಿಂಡೋಸ್ ತಿರುಗುವ ಡಿಸ್ಕುಗಳನ್ನು ಬಿಡುವಿನ ವೇಳೆಯಲ್ಲಿ ತಾನೇ ಸರಿಪಡಿಸಿಕೊಳ್ಳುತ್ತದೆ. ಕಂಪ್ಯೂಟರನ್ನು ಕೆಲಸವಿದ್ದಾಗ ಮಾತ್ರ ಹತ್ತು ನಿಮಿಷ ಹಾಕಿ ಆರಿಸುವ ಅಭ್ಯಾಸ ಇರುವವರಲ್ಲಿ ಮಾತ್ರ ಈ ಬಿಡುವು ಸಿಗದೆ ವೇಳಾಪಟ್ಟಿ ಹಿಂದೆ ಬೀಳುತ್ತದೆ.

ಚೂರುಗಳನ್ನು ಕೂಡಿಸುವುದಕ್ಕೂ ಅವನ್ನು ಸರಿಯಾದ ಸ್ಥಳದಲ್ಲಿ ಇಡುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನೂ ಇಲ್ಲಿ ಹೇಳಬೇಕು. ತಟ್ಟೆಯ ಅಂಚಿನ ಪಥ ಒಳಗಿನ ಪಥಕ್ಕಿಂತ ಉದ್ದವಾದ್ದರಿಂದ ಅದರಲ್ಲಿ ಹೆಚ್ಚು ಸೆಕ್ಟರುಗಳು ಹಿಡಿಸುತ್ತವೆ. ಒಂದೇ ಸುತ್ತಿನಲ್ಲಿ ಹೆಚ್ಚು ಮಾಹಿತಿ ಹೆಡ್ಡಿನ ಕೆಳಗೆ ಹಾದುಹೋಗುತ್ತದೆ, ಹೀಗಾಗಿ ಅಂಚಿನಲ್ಲಿ ಓದುವ ವೇಗ ಒಳಭಾಗದ ವೇಗದ ಸುಮಾರು ಇಮ್ಮಡಿಯಷ್ಟಿರುತ್ತದೆ. 2001ರ ವಿಂಡೋಸ್ ಎಕ್ಸ್‌ಪಿ, ಯಂತ್ರ ಶುರುವಾಗುವಾಗ ಯಾವ ಫೈಲುಗಳು ಯಾವ ಕ್ರಮದಲ್ಲಿ ಬೇಕಾಗುತ್ತವೆ ಎಂಬುದನ್ನು ಗಮನಿಸಿಟ್ಟುಕೊಂಡು, ಸುಮಾರು ಮೂರು ದಿನಕ್ಕೊಮ್ಮೆ ಅವನ್ನು ಅದೇ ಕ್ರಮದಲ್ಲಿ ಅಕ್ಕಪಕ್ಕ ಜೋಡಿಸುತ್ತಿತ್ತು. ಆಪ್ಟಿಮೈಸ್ ಎಂಬ ಮಾತಿನ ಮೂಲ ಅರ್ಥ ಇದು.

ಲಿನಕ್ಸ್ ಮತ್ತು ಮ್ಯಾಕ್ ಬಳಸುವವರು ಡಿಫ್ರ್ಯಾಗಿನ ಮಾತು ಬಂದಾಗ ನಗುವುದಕ್ಕೆ ಕಾರಣವಿಲ್ಲದಿಲ್ಲ. ಲಿನಕ್ಸಿನ ಎಕ್ಸ್ಟ್4 ಫೈಲ್ ಸಿಸ್ಟಮ್ ಬರೆಯಬೇಕಾದ್ದನ್ನು ಸ್ವಲ್ಪ ಹೊತ್ತು ಮೆಮೊರಿಯಲ್ಲೇ ತಡೆಹಿಡಿದು, ಫೈಲಿನ ಗಾತ್ರ ಎಷ್ಟಾಗಬಹುದೆಂಬುದು ಗೊತ್ತಾದ ಮೇಲೆ ಅದಕ್ಕೆ ತಕ್ಕ ಅಖಂಡ ಜಾಗ ಹುಡುಕುತ್ತದೆ. 2003ರ ಮ್ಯಾಕ್ ಓಎಸ್ 10.3ರಿಂದ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ 20 ಎಂಬಿಗಿಂತ ಚಿಕ್ಕದಾದ ಚದುರಿದ ಫೈಲನ್ನು ತೆರೆದಾಗಲೇ ಜೋಡಿಸಿಬಿಡುತ್ತಿತ್ತು. ಆದರೂ ಡಿಸ್ಕು ತುಂಬಿದರೆ ಯಾವ ಜಾಣತನವೂ ನಡೆಯುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಹೆಡ್ಡಿನ ಓಡಾಟದ ಕಥೆ. ಎಸ್‌ಎಸ್‌ಡಿಯಲ್ಲಿ ಹೆಡ್ಡೂ ಇಲ್ಲ, ತಟ್ಟೆಯೂ ಇಲ್ಲ. ಫ್ಲ್ಯಾಶ್ ಚಿಪ್ಪಿನ ಯಾವ ಮೂಲೆಯಿಂದ ಓದಿದರೂ ಹಿಡಿಯುವ ಸಮಯ ಹೆಚ್ಚು ಕಡಿಮೆ ಒಂದೇ, ಸುಮಾರು 0.1 ಮಿಲಿಸೆಕೆಂಡಿನ ಆಸುಪಾಸು. ಹಾರ್ಡ್ ಡಿಸ್ಕಿಗೆ ಎರಡು ನಿಮಿಷ ಹಿಡಿಸಿದ ಆ 10,240 ಚೂರುಗಳ ಫೈಲನ್ನು ಒಂದರ ನಂತರ ಒಂದರಂತೆ ಓದಿದರೂ ಎಸ್‌ಎಸ್‌ಡಿಗೆ ಸುಮಾರು ಒಂದು ಸೆಕೆಂಡು ಸಾಕು, ಹಲವು ಚೂರುಗಳನ್ನು ಏಕಕಾಲಕ್ಕೆ ಕೇಳಿದರೆ ಇನ್ನೂ ಕಡಿಮೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಎಸ್‌ಎಸ್‌ಡಿಯೊಳಗಿನ ಕಂಟ್ರೋಲರ್ ಎಲ್ಲ ಕೋಶಗಳೂ ಸಮನಾಗಿ ಸವೆಯಲೆಂದು ಮಾಹಿತಿಯನ್ನು ತನಗೆ ತೋಚಿದ ಕಡೆ ಬರೆದು, ಹೊರಗಿನವರಿಗೆ ಮಾತ್ರ ಒಂದು ಸುಳ್ಳು ನಕಾಶೆಯನ್ನು ತೋರಿಸುತ್ತಿರುತ್ತದೆ. ವಿಂಡೋಸ್ ‘ಈ ಎರಡು ಚೂರುಗಳನ್ನು ಅಕ್ಕಪಕ್ಕ ಇಟ್ಟೆ’ ಎಂದುಕೊಂಡಾಗ ಅವು ಅಕ್ಕಪಕ್ಕ ಆಗುವುದು ಆ ನಕಾಶೆಯಲ್ಲೇ ಹೊರತು ಚಿಪ್ಪಿನಲ್ಲಿ ಅಲ್ಲ.

ಹಾಗಿದ್ದರೆ ಎಸ್‌ಎಸ್‌ಡಿಯ ಮುಂದೆಯೂ ಆ ಆಪ್ಟಿಮೈಸ್ ಗುಂಡಿ ಏಕಿದೆ? ಫ್ಲ್ಯಾಶಿನ ಇನ್ನೊಂದು ಸ್ವಭಾವದಿಂದಾಗಿ. ಅದರಲ್ಲಿ ಬರೆಯುವುದು ಕೆಲವು ಕೆಬಿಗಳ ಪುಟದ ಲೆಕ್ಕದಲ್ಲಿ, ಅಳಿಸುವುದು ಮಾತ್ರ ನೂರಾರು ಪುಟಗಳಿರುವ ಬ್ಲಾಕಿನ ಲೆಕ್ಕದಲ್ಲಿ. ಕರಿಹಲಗೆಯ ಮೇಲಿನ ಒಂದು ಸಾಲು ತಿದ್ದಬೇಕಾದರೆ ಉಳಿದ ಸಾಲುಗಳನ್ನು ಬೇರೆ ಹಲಗೆಗೆ ಇಳಿಸಿಕೊಂಡು ಇಡೀ ಹಲಗೆಯನ್ನೇ ಒರೆಸಬೇಕಾದಂತೆ. ನಾವು ಒಂದು ಫೈಲನ್ನು ಅಳಿಸಿದಾಗ ಫೈಲ್ ಸಿಸ್ಟಮ್ ತನ್ನ ಕೋಷ್ಟಕದಲ್ಲಿ ಆ ಜಾಗ ಖಾಲಿ ಎಂದು ಗುರುತು ಹಾಕಿಕೊಂಡು ಸುಮ್ಮನಾಗುತ್ತದೆ. ಕಂಟ್ರೋಲರಿಗೆ ಆ ಸುದ್ದಿ ತಲುಪದಿದ್ದರೆ, ಅದು ಯಾರಿಗೂ ಬೇಡವಾದ ಆ ಮಾಹಿತಿಯನ್ನು ಅಮೂಲ್ಯವೆಂದು ತಿಳಿದು ಬ್ಲಾಕಿನಿಂದ ಬ್ಲಾಕಿಗೆ ಹೊತ್ತು ತಿರುಗುತ್ತಲೇ ಇರುತ್ತದೆ. ಬರೆಯುವ ವೇಗ ಕುಸಿಯುತ್ತದೆ, ಕೋಶಗಳೂ ವೃಥಾ ಸವೆಯುತ್ತವೆ. ಆ ಸುದ್ದಿಯನ್ನು ತಲುಪಿಸುವ ಆದೇಶಕ್ಕೆ ಟ್ರಿಮ್ ಎಂದು ಹೆಸರು. 2009ರ ವಿಂಡೋಸ್ 7ರಿಂದ ಈ ಆದೇಶ ಫೈಲು ಅಳಿಸಿದಾಗಲೇ ಹೋಗುತ್ತದೆ. ಡ್ರೈವು ಬಿಡುವಿಲ್ಲದೆ ದುಡಿಯುತ್ತಿದ್ದಾಗ ಅಂಥ ಕೆಲವು ಸೂಚನೆಗಳು ಕೈಬಿಟ್ಟುಹೋಗಬಹುದಾದ್ದರಿಂದ, ವಿಂಡೋಸ್ 8ರಿಂದೀಚೆಗೆ ಆಪ್ಟಿಮೈಸ್ ಗುಂಡಿ ಖಾಲಿ ಜಾಗದ ಪೂರ್ತಿ ಪಟ್ಟಿಯನ್ನು ಮತ್ತೊಮ್ಮೆ ಕಳುಹಿಸುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಗಂಟೆ ಹಿಡಿಯುವ ಕೆಲಸ ಎಸ್‌ಎಸ್‌ಡಿಯಲ್ಲಿ ಕೆಲವೇ ಸೆಕೆಂಡುಗಳಲ್ಲಿ ಮುಗಿಯುವುದು ಈ ಕಾರಣಕ್ಕೇ. ಅಲ್ಲಿ ಯಾವುದನ್ನೂ ಸರಿಸುವುದಿಲ್ಲ, ಹೇಳುವುದಷ್ಟೇ.

‘ಡಿಫ್ರ್ಯಾಗ್ ಮಾಡಿದರೆ ಎಸ್‌ಎಸ್‌ಡಿ ಸತ್ತೇಹೋಗುತ್ತದೆ’ ಎಂಬ ಭಯವನ್ನೂ ಲೆಕ್ಕದ ಮುಂದೆ ನಿಲ್ಲಿಸಬೇಕು. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಟಿಎಲ್‌ಸಿ (ಒಂದು ಕೋಶದಲ್ಲಿ ಮೂರು ಬಿಟ್ ಇಡುವ) ಫ್ಲ್ಯಾಶಿನ ಕೋಶಗಳು ಸಾವಿರದಿಂದ ಮೂರು ಸಾವಿರ ಸಲ ಅಳಿಸಿ ಬರೆಯುವುದನ್ನು ತಾಳಿಕೊಳ್ಳುತ್ತವೆ. 500 ಜಿಬಿಯ ಸಾಮಾನ್ಯ ಎಸ್‌ಎಸ್‌ಡಿಗೆ ತಯಾರಕರು 150ರಿಂದ 300 ಟಿಬಿ ಬರವಣಿಗೆಯ ಭರವಸೆ ಕೊಡುವುದು ವಾಡಿಕೆ. ಯಾರಾದರೂ ಹಟ ಹಿಡಿದು ವಾರಕ್ಕೊಮ್ಮೆ 100 ಜಿಬಿ ಮಾಹಿತಿಯನ್ನು ಸರಿಸಿ ಡಿಫ್ರ್ಯಾಗ್ ಮಾಡುತ್ತಲೇ ಹೋದರೆ ವರ್ಷಕ್ಕೆ ಸುಮಾರು 5 ಟಿಬಿ ಆಗುತ್ತದೆ. ಕಡಿಮೆ ಭರವಸೆಯ ಲೆಕ್ಕ ಹಿಡಿದರೂ ಇದೊಂದರಿಂದಲೇ ಡ್ರೈವ್ ಸವೆಯಲು ಇಪ್ಪತ್ತೆಂಟು ವರ್ಷ ಬೇಕು. ಆದ್ದರಿಂದ ಎಸ್‌ಎಸ್‌ಡಿಯ ಡಿಫ್ರ್ಯಾಗ್ ವಿಷವಲ್ಲ, ವ್ಯರ್ಥ. ವ್ಯರ್ಥ ಎಂಬ ಕಾರಣವೇ ಅದನ್ನು ಬಿಡಲು ಸಾಕು, ಭಯ ಹುಟ್ಟಿಸಬೇಕಾಗಿಲ್ಲ.

ಇದಕ್ಕೂ ಒಂದು ಅಪವಾದವಿದೆ, ಅದನ್ನು ಕಂಡು ಗಾಬರಿಯಾಗುವವರೂ ಇದ್ದಾರೆ. ಸಿಸ್ಟಮ್ ರಿಸ್ಟೋರ್‌ನಂಥ ಸೌಲಭ್ಯಕ್ಕಾಗಿ ಡ್ರೈವಿನ ಸ್ನ್ಯಾಪ್‌ಶಾಟ್, ಅಂದರೆ ಆ ಹೊತ್ತಿನ ಸ್ಥಿತಿಯ ದಾಖಲೆ, ಇಟ್ಟುಕೊಳ್ಳುವ ವ್ಯವಸ್ಥೆ ಚಾಲೂ ಇದ್ದರೆ ವಿಂಡೋಸ್ ಎಸ್‌ಎಸ್‌ಡಿಯನ್ನೂ ತಿಂಗಳಿಗೊಮ್ಮೆ ನಿಜವಾದ ಅರ್ಥದಲ್ಲಿಯೇ ಡಿಫ್ರ್ಯಾಗ್ ಮಾಡುವುದುಂಟು. ಹೆಡ್ ಇಲ್ಲದಿದ್ದರೂ ಕೋಷ್ಟಕವಿದೆಯಲ್ಲ. ಒಂದು ಫೈಲಿನ ಚೂರುಗಳು ಮಿತಿಮೀರಿದರೆ ಅವುಗಳ ವಿಳಾಸಗಳ ಪಟ್ಟಿಯೇ ಬೆಳೆದು, ಕೊನೆಗೆ ಫೈಲ್ ಸಿಸ್ಟಮ್ ಇನ್ನೊಂದು ಚೂರನ್ನು ದಾಖಲಿಸಲಾಗದ ಹಂತ ತಲುಪಬಹುದು. ಆ ಹಂತ ಬರದಂತೆ ನೋಡಿಕೊಳ್ಳುವುದು ಇದರ ಉದ್ದೇಶ. ನಿಜವಾಗಿ ತಪ್ಪು ಎನ್ನಬಹುದಾದ ಪ್ರಸಂಗ ನಡೆದದ್ದು 2020ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ಬಿಡುಗಡೆಯಾದ ವಿಂಡೋಸ್ 10ರ ‘2004’ ಎಂಬ ಸಂಖ್ಯೆಯ ಆವೃತ್ತಿ, ಕಂಪ್ಯೂಟರ್ ಮರುಪ್ರಾರಂಭವಾದಾಗಲೆಲ್ಲ ಕಳೆದ ಸಲ ಯಾವಾಗ ಆಪ್ಟಿಮೈಸ್ ಮಾಡಿದ್ದೆ ಎಂಬುದನ್ನು ಮರೆತುಬಿಡುತ್ತಿತ್ತು, ಆದ್ದರಿಂದ ಬೇಕಿಲ್ಲದಿದ್ದರೂ ಮತ್ತೆ ಮತ್ತೆ ಅದೇ ಕೆಲಸಕ್ಕೆ ಕೈಹಾಕುತ್ತಿತ್ತು. ಸೆಪ್ಟೆಂಬರಿನ ಅಪ್‌ಡೇಟಿನಲ್ಲಿ ಅದನ್ನು ಸರಿಪಡಿಸಲಾಯಿತು.

ನಮ್ಮ ಕಂಪ್ಯೂಟರಿನಲ್ಲಿರುವುದು ಯಾವುದು ಎಂಬುದನ್ನು ತಿಳಿಯಲು ಸ್ಟಾರ್ಟ್ ಮೆನುವಿನ ಹುಡುಕಾಟದಲ್ಲಿ ಡಿಫ್ರ್ಯಾಗ್ ಎಂದು ಟೈಪಿಸಿದರೆ ಸಿಗುವ ಕಿಟಕಿ ಸಾಕು. ಅದರಲ್ಲಿ ಪ್ರತಿ ಡ್ರೈವಿನ ಮುಂದೆಯೂ ‘ಮೀಡಿಯಾ ಟೈಪ್’ ಎಂಬ ಕಲಮಿನಲ್ಲಿ ಹಾರ್ಡ್ ಡಿಸ್ಕ್ ಅಥವಾ ಸಾಲಿಡ್ ಸ್ಟೇಟ್ ಎಂದು ಬರೆದಿರುತ್ತದೆ, ಕೊನೆಯ ಕಲಮಿನಲ್ಲಿ ಶೇಕಡಾ ಎಷ್ಟು ಚದುರಿದೆ ಅಥವಾ ಟ್ರಿಮ್ ಆಗಿ ಎಷ್ಟು ದಿನವಾಯಿತು ಎಂಬ ವಿವರವಿರುತ್ತದೆ. ಈ ಕಲಮು ತಪ್ಪು ಹೇಳುವ ಸಂದರ್ಭವೂ ಇದೆ: ಯುಎಸ್‌ಬಿ ಪೆಟ್ಟಿಗೆಯೊಳಗೆ ಹಾಕಿ ಜೋಡಿಸಿದ ಎಸ್‌ಎಸ್‌ಡಿಯನ್ನು ಆ ಪೆಟ್ಟಿಗೆಯ ಚಿಪ್ ಸರಿಯಾಗಿ ಪರಿಚಯಿಸದಿದ್ದರೆ ವಿಂಡೋಸ್ ಅದನ್ನು ಹಾರ್ಡ್ ಡಿಸ್ಕ್ ಎಂದೇ ತಿಳಿದು ಸಾಮಾನು ಸರಿಸಲು ಹೊರಡಬಹುದು. ಅಂಥ ಡ್ರೈವನ್ನು ವೇಳಾಪಟ್ಟಿಯಿಂದ ಹೊರಗಿಡುವುದು ಮೇಲು.

ತಿರುಗುವ ಡಿಸ್ಕೇ ಇದ್ದು, ಚದುರಿಕೆಯ ಅಂಕಿ ಒಂದಂಕಿಯಲ್ಲೇ ಇದ್ದು, ಆದರೂ ಯಂತ್ರ ಕುಂಟುತ್ತಿದ್ದರೆ ರೋಗ ಬೇರೆ ಕಡೆ ಇದೆ ಎಂದೇ ಅರ್ಥ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಡಿಸ್ಕಿನ ಬಳಕೆ ಶೇ. 100 ಎಂದು ತೋರಿಸುತ್ತಿರುತ್ತದೆ, ಆದರೆ ವರ್ಗಾವಣೆಯ ವೇಗ ಸೆಕೆಂಡಿಗೆ ಒಂದೆರಡು ಎಂಬಿ ಮಾತ್ರ; ಹೆಡ್ ಓಡಾಡಿ ಓಡಾಡಿಯೇ ದಣಿದಿದೆ ಎಂಬುದರ ಗುರುತು ಅದು. 4 ಜಿಬಿ ಮೆಮೊರಿಯ ಕಂಪ್ಯೂಟರಿನಲ್ಲಿ ಬ್ರೌಸರಿನ ಹತ್ತು ಟ್ಯಾಬುಗಳು ತೆರೆದಾಗ ಮೆಮೊರಿ ಸಾಲದೆ ವಿಂಡೋಸ್ ಡಿಸ್ಕಿನಲ್ಲಿರುವ ಪೇಜ್ ಫೈಲಿಗೆ ಬರೆಯುತ್ತ ಓದುತ್ತ ಇರುತ್ತದೆ, ಅದರ ಜೊತೆಗೆ ಆ್ಯಂಟಿವೈರಸ್ ಫೈಲುಗಳನ್ನು ತಡಕುತ್ತದೆ, ಅಪ್‌ಡೇಟ್ ಇಳಿಯುತ್ತದೆ, ಹುಡುಕಾಟದ ಸೂಚಿ ತಯಾರಾಗುತ್ತದೆ. ಇವೆಲ್ಲ ಬೇರೆ ಬೇರೆ ಫೈಲುಗಳು. ಒಂದೊಂದೂ ಅಖಂಡವಾಗಿಯೇ ಇದ್ದರೂ ಹೆಡ್ ಒಂದರಿಂದ ಇನ್ನೊಂದಕ್ಕೆ ಜಿಗಿಯಲೇಬೇಕು, ಮತ್ತು ಆ ಜಿಗಿತವನ್ನು ಯಾವ ಡಿಫ್ರ್ಯಾಗೂ ತಪ್ಪಿಸಲಾರದು. ಶುರುವಾಗುವಾಗಲೇ ಎದ್ದು ಕೂರುವ ಪ್ರೋಗ್ರಾಮುಗಳನ್ನು ಕಡಿಮೆ ಮಾಡಿ, ಮೆಮೊರಿ ಹೆಚ್ಚಿಸಿ, ಸಾಧ್ಯವಾದರೆ ವಿಂಡೋಸ್ ಇರುವ ಡ್ರೈವನ್ನು ಎಸ್‌ಎಸ್‌ಡಿಗೆ ಬದಲಿಸುವುದರಿಂದ ಸಿಗುವ ವ್ಯತ್ಯಾಸದ ಎದುರು ಡಿಫ್ರ್ಯಾಗಿನ ಲಾಭ ತೀರಾ ಚಿಕ್ಕದು. ಹಳೆಯ ಹಾರ್ಡ್ ಡಿಸ್ಕನ್ನು ಎಸೆಯಬೇಕಾಗಿಲ್ಲ; ಫೋಟೋ, ವಿಡಿಯೋ, ಬ್ಯಾಕಪ್ ಇಡಲು ಅದು ಈಗಲೂ ಯೋಗ್ಯ.

ಹಾಗೆ ಸಂಗ್ರಹಕ್ಕೆಂದು ಮಾರಾಟವಾಗುವ ಹಲವು ಹೊಸ ಹಾರ್ಡ್ ಡಿಸ್ಕುಗಳಲ್ಲಿ ಪಥಗಳನ್ನು ಹೆಂಚು ಹೊದಿಸಿದಂತೆ ಒಂದರ ಅಂಚಿನ ಮೇಲೆ ಒಂದು ಬರುವಂತೆ ಬರೆಯುವ ಎಸ್‌ಎಂಆರ್ ಎಂಬ ವಿಧಾನವಿದೆ. ಕೆಲವು ಮಾದರಿಗಳಲ್ಲಿ ಈ ವಿಧಾನ ಬಳಸಿರುವುದನ್ನು ಹೇಳದೆ ಮಾರಿದ್ದೇವೆಂದು ಪ್ರಮುಖ ತಯಾರಕರು 2020ರಲ್ಲಿ ಒಪ್ಪಿಕೊಳ್ಳಬೇಕಾಯಿತು. ನಡುವಿನ ಒಂದು ಹೆಂಚು ತೆಗೆಯಲು ಮೇಲಿನವನ್ನೆಲ್ಲ ಎತ್ತಬೇಕಾದಂತೆ, ಇಲ್ಲಿ ನಡುವೆ ಒಂದು ಕ್ಲಸ್ಟರ್ ಬದಲಿಸಲು ಆ ವಲಯವನ್ನೇ ಮತ್ತೆ ಬರೆಯಬೇಕಾಗುತ್ತದೆ. ಇಂಥ ಡಿಸ್ಕಿನ ಮೇಲೆ ಪೂರ್ತಿ ಡಿಫ್ರ್ಯಾಗ್ ಶುರು ಮಾಡಿದರೆ ಗಂಟೆಗಳಲ್ಲ, ದಿನಗಳೇ ಹಿಡಿಯಬಹುದು.

ಕೊನೆಯದಾಗಿ, ಡಿಫ್ರ್ಯಾಗ್ ನಿಜಕ್ಕೂ ಅಪಾಯ ತರುವ ಎರಡು ಸಂದರ್ಭಗಳು. ಕೆಲಸದ ನಡುವೆ ಕರೆಂಟು ಹೋಗುವುದು ಅವುಗಳಲ್ಲಿ ಒಂದಲ್ಲ. ವಿಂಡೋಸ್ ಮೊದಲು ಹೊಸ ಜಾಗದಲ್ಲಿ ಪ್ರತಿ ಬರೆದು, ಆಮೇಲೆ ಕೋಷ್ಟಕ ತಿದ್ದುವುದರಿಂದ ಆ ಭಯ ಹಳೆಯ ಕಾಲದ್ದು. ಮೊದಲನೆಯದು, ಡಿಸ್ಕೇ ಕೆಡುತ್ತಿರುವಾಗ. ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ದಾಖಲೆಯಲ್ಲಿ 5ನೇ ಸಂಖ್ಯೆಯ ಸಾಲು ಕೆಟ್ಟು ಬದಲಾಯಿಸಿದ ಸೆಕ್ಟರುಗಳನ್ನೂ, 197ನೆಯದು ಓದಲಾಗದೆ ಬಾಕಿ ಉಳಿದವನ್ನೂ ಎಣಿಸುತ್ತದೆ. ಈ ಎಣಿಕೆ ಸೊನ್ನೆ ಬಿಟ್ಟು ಮೇಲೇರುತ್ತಿದ್ದರೆ, ನಿಧಾನಕ್ಕೆ ಕಾರಣ ಚದುರಿಕೆಯಲ್ಲ. ಹೆಡ್ ಒಂದೇ ಜಾಗವನ್ನು ಮತ್ತೆ ಮತ್ತೆ ಓದಲು ಹೆಣಗುತ್ತಿದೆ. ಆಗ ಗಂಟೆಗಟ್ಟಲೆ ಡಿಸ್ಕನ್ನು ದುಡಿಸದೆ, ಮೊದಲು ಬೇಕಾದ ಫೈಲುಗಳನ್ನು ಬೇರೆ ಕಡೆಗೆ ನಕಲು ಮಾಡಿಕೊಳ್ಳಬೇಕು. ಎರಡನೆಯದು, ತಪ್ಪಿ ಅಳಿಸಿದ ಫೈಲೊಂದನ್ನು ಮರಳಿ ಪಡೆಯಬೇಕೆಂದಿರುವಾಗ. ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ ಫೈಲಿನ ಮಾಹಿತಿ ಇನ್ನೊಂದು ಫೈಲು ಬಂದು ಕೂರುವವರೆಗೂ ಅಲ್ಲೇ ಇರುತ್ತದೆ, ಡಿಫ್ರ್ಯಾಗ್ ಮಾಡಿದರೆ ಆ ಖಾಲಿ ಜಾಗಕ್ಕೇ ಬೇರೆ ಚೂರುಗಳು ಬಂದು ಬೀಳುತ್ತವೆ. ಎಸ್‌ಎಸ್‌ಡಿಯಲ್ಲಾದರೆ ಟ್ರಿಮ್ ಸುದ್ದಿ ತಲುಪಿದ ಮೇಲೆ ಕಂಟ್ರೋಲರ್ ಆ ಬ್ಲಾಕನ್ನು ತನ್ನ ಬಿಡುವಿನಲ್ಲಿ ಒರೆಸಿಬಿಡುವುದರಿಂದ, ಫೈಲು ಅಳಿಸಿಹೋಗಿದೆ ಎಂದು ನಮಗೆ ಗೊತ್ತಾಗುವ ಹೊತ್ತಿಗೆ ಅದು ಅಲ್ಲಿ ಉಳಿದಿರುವ ಸಾಧ್ಯತೆ ತೀರಾ ಕಡಿಮೆ.